ಪ್ರಯಾಣಿಕರೇ ಇಲ್ಲದ ಪ್ರಯಾಣದ ಚಿತ್ರ

ಜಪಾನಿನ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆ. ನಮ್ಮ ಪ್ರವಾಸ ಗೊತ್ತುಮಾಡಿದ ಏಜೆಂಟರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು, ಅಲ್ವಾ? ಉಯೆನೊದ ಟೋಕಿಯೊ ರಾಷ್ಟ್ರೀಯ ಮ್ಯೂಸಿಯಮ್ಮನ್ನು ಸರಿಯಾಗಿ ಸೋಮವಾರಕ್ಕೇ ಹಾಕಿಟ್ಟಿದ್ದರು. ಮುಚ್ಚಿದ ಗೇಟು ನೋಡಿ ವಾಪಸ್ ಬಂದೆವು. ಮಾರನೇ ದಿನ ಹಕೋನೆ ಕೈಬಿಟ್ಟು ಮತ್ತೆ ಅಲ್ಲಿಗೇ ಹೋದೆವು. ಫ್ಯೂಜಿ ಬೆಟ್ಟ ತಪ್ಪಿಹೋಯಿತು ಅಂತ ಮನೆಯವರಿಗೆ ಇನ್ನೂ ಕೋಪ. ನನಗಿಲ್ಲ.

ನಾನು ನೋಡಬೇಕಿದ್ದದ್ದು ಒಂದು ಪೆಟ್ಟಿಗೆ. ಸುಮಾರು 27 ಸೆಂ.ಮೀ. ಉದ್ದ, 20 ಅಗಲ. ಮೇಲಿನ ಅಂತಸ್ತಿನಲ್ಲಿ ಮಸಿ ತೇಯುವ ಕಲ್ಲು ಇಡೋದು, ಕೆಳಗೆ ಕಾಗದ. ಮಾಡಿದವನು ಒಗಾತಾ ಕೋರಿನ್ (1658–1716). ಈಗ ಅದು ಜಪಾನಿನ ರಾಷ್ಟ್ರೀಯ ನಿಧಿ. ಇಂಥವನ್ನು ವರ್ಷವಿಡೀ ಹೊರಗಿಡುವುದಿಲ್ಲ. ಹೋಗುವ ಮುಂಚೆ ಪ್ರದರ್ಶನದ ಪಟ್ಟಿ ನೋಡಿಕೊಳ್ಳಿ.

ಕಪ್ಪು ಮೈ. ಅದರ ಮೇಲೆ ಚಿನ್ನದ ಎಲೆಗಳು, ಮಿನುಗುವ ಚಿಪ್ಪಿನ ಹೂವುಗಳು. ಹಲಗೆಯ ಸೇತುವೆ ಒಂದು ಮಗ್ಗುಲಲ್ಲಿ ಹತ್ತಿ, ಮುಚ್ಚಳ ದಾಟಿ, ಇನ್ನೊಂದು ಕಡೆ ಇಳಿಯುತ್ತದೆ. ಹಲಗೆಗೆ ಹಾಕಿರುವುದು ಮಂಕು ಸೀಸದ ತಗಡು! ಅಷ್ಟು ಚಿನ್ನದ ಪಕ್ಕದಲ್ಲಿ ಸೀಸ ಕೂರಿಸೋಕೆ ಧೈರ್ಯ ಬೇಕು. ಮಳೆಗೆ ನೆನೆದ ಹಳೇ ಮರದ ಬಣ್ಣ ಅದರಿಂದಲೇ ಬಂದಿದೆ. ಆಮೇಲೆ ಅಂಗಡಿಗಳಲ್ಲಿ ಕಂಡ ಥಳಥಳ ಪೆಟ್ಟಿಗೆಗಳು ನನಗೆ ಹಿಡಿಸಲೇ ಇಲ್ಲ.

"ಚನ್ನಪಟ್ಟಣದ ಗೊಂಬೆಗೆ ಹಾಕೋ ಅರಗು ತಾನೇ?" ಅಂದರು ಮನೆಯವರು. ಅಲ್ಲ. ಅದು ಹುಳದ ಅರಗು, ತಿರುಗುವ ಮರಕ್ಕೆ ಒತ್ತಿದರೆ ಬಿಸಿಗೆ ಕರಗಿ ಹತ್ತುತ್ತದೆ. ಈ ಪೆಟ್ಟಿಗೆಗೆ ಬಳಿದಿರುವುದು ಉರುಶಿ ಮರದ ಸೊನೆ. ಗೇರು, ಮಾವಿನ ಬಳಗದ್ದೇ ಮರ, ಹಸಿ ಸೊನೆ ತಗುಲಿದರೆ ಮೈಯೆಲ್ಲ ಗುಳ್ಳೆ. ಗಾಳಿಯಲ್ಲಿ ತೇವ ಇದ್ದರೇನೇ ಇದು ಗಟ್ಟಿಯಾಗುವುದು. ಹಸಿ ಉರುಶಿಯಲ್ಲಿ ಚಿತ್ರ ಬರೆದು ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ಈ ಕೆಲಸಕ್ಕೆ ಮಾಕಿ-ಎ ಅನ್ನುತ್ತಾರೆ.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ಇಂಗ್ಲಿಷಿನಲ್ಲಿ ಮಾತಿಗೆ ಬಂದರು. ನಿವೃತ್ತ ಮೇಷ್ಟ್ರಂತೆ. ಚಿತ್ರದ ಹಿಂದಿನ ಕಥೆ 'ಇಸೆ ಮೊನೊಗತಾರಿ' ಅನ್ನೋ ಹಳೇ ಜಪಾನೀ ಕಥೆ-ಪದ್ಯಗಳ ಪುಸ್ತಕದ್ದು, ಅಂದರು. ಕ್ಯೋಟೊ ಬಿಟ್ಟು ಗೆಳೆಯರ ಜೊತೆ ಪೂರ್ವಕ್ಕೆ ಹೊರಟ ಒಬ್ಬಾತ ಯಾತ್ಸುಹಾಶಿ ಅನ್ನೋ ಕಡೆ ಊಟಕ್ಕೆ ಕೂರುತ್ತಾನೆ. ಅಲ್ಲಿ ಎಂಟು ಸೇತುವೆ, ಕಾಕಿತ್ಸುಬಾತಾ ಹೂವು. ಆ ಹೂವಿನ ಹೆಸರಿನ ಒಂದೊಂದು ಅಕ್ಷರದಿಂದ ಒಂದೊಂದು ಸಾಲು ಶುರುಮಾಡಿ, ಬಿಟ್ಟುಬಂದ ಹೆಂಡತಿಯನ್ನು ನೆನೆದು ಪದ್ಯ ಕಟ್ಟುತ್ತಾನೆ. ಕೇಳಿದವರೆಲ್ಲ ಅಳುತ್ತಾರೆ. ಕಣ್ಣೀರು ಬಿದ್ದು ಅವರ ಒಣ ಅನ್ನ ಉಬ್ಬುತ್ತದೆ!

"ಒಣ ಅನ್ನ ಅಂದ್ರೆ?"

"ಬೇಯಿಸಿ ಒಣಗಿಸಿದ್ದು. ದಾರಿಗೆ ಬುತ್ತಿ. ನೆನೆಸಿ ತಿನ್ನಬೇಕು."

ನಮ್ಮ ಅವಲಕ್ಕಿ ಥರ, ಅಂದೆ. ಅವಲಕ್ಕಿ ಹೇಗೆ ಮಾಡ್ತೀರಿ ಅಂತ ಕೇಳಿದರು. ಭತ್ತ ನೆನೆಸೋದು, ಹುರಿಯೋದು, ಕುಟ್ಟೋದು ಎಲ್ಲ ಕೈಸನ್ನೆಯಲ್ಲೇ ತೋರಿಸಿದೆ. ಕಾವಲುಗಾರ ಹುಡುಗಿ ಎರಡು ಸಲ ನಮ್ಮ ಕಡೆ ನೋಡಿದಳು.

"ಕಣ್ಣೀರಲ್ಲಿ ನೆನೆಸಿದರೆ ಉಪ್ಪು ಹಾಕೋದೇ ಬೇಡ," ಅಂದರು ಮೇಷ್ಟ್ರು, ಒಂಚೂರೂ ನಗದೆ.

"ಪ್ರಯಾಣದ ಚಿತ್ರ ಅಂತೀರಿ, ಜನ ಎಲ್ಲಿ?"

"ಸ್ಕೂಲಲ್ಲೇ ಎಲ್ಲರೂ ಓದಿರ್ತಾರೆ. ಹೂವು, ಸೇತುವೆ ಕಂಡ್ರೆ ಸಾಕು. ಅವರನ್ನ ಬೇರೆ ಬರೀಬೇಕಾ?"

ಕ್ಯೋಟೊ, ನಾರಾ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ನಾವು ನಗೋಯಾದಿಂದ ಲೋಕಲ್ ರೈಲಿನಲ್ಲಿ ಚಿರ್ಯೂಗೆ ಹೋದೆವು. ಯಾತ್ಸುಹಾಶಿ ಈಗ ಈ ಊರಿಗೇ ಸೇರಿದೆ. ಮುರ್ಯೋಜುಜಿ ಎಂಬ ಬೌದ್ಧ ಗುಡಿಯ ತೋಟದಲ್ಲಿ ಮೇ ತಿಂಗಳಲ್ಲಿ ನೀಲಿ-ನೇರಳೆ ಹೂವು. ಜೊತೆಗೆ ಸ್ಟ್ಯಾಂಡ್ ಹಾಕಿಕೊಂಡು ನಿಂತ ಕ್ಯಾಮೆರಾದವರ ಸಾಲು. ಚೆನ್ನಾಗಿದೆ, ಆದರೆ ಪೆಟ್ಟಿಗೆ ನೋಡಿ ಬಂದವಳಿಗೆ ಸ್ವಲ್ಪ ಸಪ್ಪೆ. ಊರಿನ ಹೆಸರಾದ ತಿಂಡಿ ಅನ್‌ಮಾಕಿ, ಕೆಂಪು ಕಾಳಿನ ಸಿಹಿ ಹೂರಣ ಇಟ್ಟು ಮಡಚಿದ ಮೆತ್ತನೆ ದೋಸೆ. ಅದನ್ನು ಬಿಸಿಬಿಸಿ ತಿಂದ ಮೇಲೆ ಮನೆಯವರ ಮುಖ ಸ್ವಲ್ಪ ಸಡಿಲವಾಯಿತು.