ಎರಡೆಕರೆ ಒಣಬೇಸಾಯ: ಮೊದಲ ವರ್ಷದ ದುಡ್ಡು ಎಲ್ಲಿಗೆ ಹೋಗಬೇಕು

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆ ಹೊಸದಾಗಿ ಬೇಸಾಯಕ್ಕೆ ಇಳಿಯುವವರು ಮೊದಲು ಕೇಳುವುದು ‘ಯಾವ ಬೆಳೆ ಹಾಕಲಿ?’ ಅಂತ. ಅದರ ಬೆನ್ನಿಗೇ ‘ಬೋರು ಎಲ್ಲಿ ಹೊಡೆಸಲಿ?’ ಎರಡಕ್ಕೂ ಉತ್ತರ ಒಂದೇ: ಹೊಲದಲ್ಲಿ ಬಿದ್ದ ಮಳೆ ಮೊದಲು ಹೊಲದಲ್ಲೇ ನಿಲ್ಲಲಿ. ಬೋರು ಫೇಲಾದರೆ ಉಳಿಯುವುದು ಸಾಲ. ಬದುವಿಗೆ ಹಾಕಿದ ದುಡ್ಡು ಮಾತ್ರ ಹೊಲದಲ್ಲೇ ಇರುತ್ತದೆ.

ಲೆಕ್ಕ ನೋಡಿ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿ.ಮೀ.ನ ಒಂದು ಜೋರು ಮಳೆ ಅಂದರೆ ಎಕರೆಗೆ ಒಂದು ಲಕ್ಷ ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರ್ ಇಪ್ಪತ್ತು. ಅದರಲ್ಲಿ ಅರ್ಧ ಹಳ್ಳಕ್ಕೆ ಹರಿದು ಹೋದರೆ ಹತ್ತು ಟ್ಯಾಂಕರ್ ನೀರಿನ ಜೊತೆ ಮೇಲ್ಮಣ್ಣೂ ಹೋಯಿತು. ಹಾಗಾಗಿ ಮೊದಲು ಬೇಕಾದ ಸಾಮಾನು ಮಳೆ ಅಳೆಯುವ ಡಬ್ಬಿ, ಅದಕ್ಕೆ ಖರ್ಚೇ ಇಲ್ಲ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿಯನ್ನು ಗಿಡಮರದಿಂದ ದೂರ, ಅಲುಗಾಡದಂತೆ ಬಯಲಿನಲ್ಲಿ ನಿಲ್ಲಿಸಿ. ಮಳೆಯಾದ ಮರುದಿನ ಬೆಳಿಗ್ಗೆ ಸ್ಕೇಲು ಇಳಿಬಿಟ್ಟು ಮಿಲಿಮೀಟರ್ ಓದಿ, ತಾರೀಕು ಸಮೇತ ಪುಸ್ತಕದಲ್ಲಿ ಬರೆದು, ಡಬ್ಬಿ ಬರಿದು ಮಾಡಿ. ಬಿತ್ತನೆಯ ನಿರ್ಧಾರಕ್ಕೆ ಈ ಪುಸ್ತಕವೇ ಆಧಾರ.

ಮಣ್ಣು ಪರೀಕ್ಷೆಯನ್ನು ಬೇಸಿಗೆಯಲ್ಲೇ, ಗೊಬ್ಬರ ಹಾಕುವ ಮುಂಚೆ ಮುಗಿಸಿ. ಎಕರೆಗೆ 8–10 ಕಡೆ ಅಂಕುಡೊಂಕಾಗಿ ನಡೆದು, ಪ್ರತಿ ಕಡೆ ಮೇಲಿನ ಕಸ ಸರಿಸಿ, 6 ಇಂಚು ಆಳಕ್ಕೆ ಇಂಗ್ಲಿಷ್ ‘ವಿ’ ಆಕಾರದ ಗುಂಡಿ ತೆಗೆಯಿರಿ. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳತನಕ ಒಂದು ಇಂಚು ದಪ್ಪ ಮಣ್ಣು ಕೆರೆದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ. ತಗಡಿನ ಬಕೆಟ್ ಬೇಡ, ಅದರ ಸತು ಮಣ್ಣಿಗೆ ಸೇರಿ ಫಲಿತಾಂಶ ತಪ್ಪುತ್ತದೆ. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆ ಇದ್ದ ಜಾಗ ಬಿಟ್ಟುಬಿಡಿ. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ. ಯೂರಿಯಾ ಚೀಲದಲ್ಲಿ ಮಾತ್ರ ಒಯ್ಯಬೇಡಿ. ಹೊಲದಲ್ಲಿ ಎರೆಯೂ (ಕಪ್ಪು ಮಣ್ಣು) ಮಸಾರಿಯೂ (ಕೆಂಪು ಮಣ್ಣು) ಇದ್ದರೆ ಎರಡು ಬೇರೆ ಚೀಟಿ, ಎರಡು ಬೇರೆ ಚೀಲ. ಗಂಗಾವತಿ, ಹಗರಿ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಾಗಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ವಿಚಾರಿಸಿ.

ಇನ್ನು ಬದು. ಕಣ್ಣಂದಾಜಿನಲ್ಲಿ ಬದು ಹಾಕಿಸಬೇಡಿ, ಇಳಿಜಾರು ಕಣ್ಣಿಗೆ ಮೋಸ ಮಾಡುತ್ತದೆ. ಮಟ್ಟ ನೋಡಲು ಒಂದು ಚೌಕಟ್ಟು ಮಾಡಿಕೊಳ್ಳಿ: ಏಳು ಅಡಿಯ ಎರಡು ಗಳಗಳ ತುದಿ ಕಟ್ಟಿ ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿದು, ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಚೌಕಟ್ಟು ನಿಲ್ಲಿಸಿ ದಾರ ಅಡ್ಡಪಟ್ಟಿಗೆ ತಾಗಿದಲ್ಲಿ ಗುರುತು ಮಾಡಿ. ಎರಡು ಕಾಲು ಅದಲುಬದಲು ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಗುರುತು ಮಾಡಿ. ಎರಡೂ ಗುರುತಿನ ನಟ್ಟನಡುವೆ ಸಮಮಟ್ಟ. ದಾರ ಆ ನಡುವಿನ ಗೆರೆಗೇ ಬರುವಂತೆ ಒಂದೊಂದೇ ಕಾಲು ತಿರುಗಿಸುತ್ತ ಹೊಲದ ಅಡ್ಡಕ್ಕೆ ಸಾಗಿ, ಐದು ಹೆಜ್ಜೆಗೊಂದು ಗೂಟ ಬಡಿಯಿರಿ. ಗೂಟದ ಸಾಲು ಸೊಟ್ಟಗೇ ಬರುತ್ತದೆ. ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಸಣ್ಣ ತಿರುವು ಮಾತ್ರ ಸರಿಪಡಿಸಿ.

ಮಸಾರಿಯಲ್ಲಿ ಈ ಸಮಮಟ್ಟದ ಗೆರೆ ಮೇಲೇ ಬದು ಹಾಕಬಹುದು, ನೀರು ಬೇಗ ಇಂಗುತ್ತದೆ. ಎರೆಯಲ್ಲಿ ಹಾಗಲ್ಲ. ಎರೆ ನೀರು ಕುಡಿಯುವುದು ನಿಧಾನ, ಬೇಸಿಗೆಯಲ್ಲಿ ಬದುವೇ ಬಿರುಕು ಬಿಡುತ್ತದೆ, ಮೊದಲ ಜೋರು ಮಳೆಗೆ ಆ ಬಿರುಕಿನಲ್ಲಿ ನೀರು ನುಗ್ಗಿ ಒಡೆಯುತ್ತದೆ. ಅಲ್ಲಿ 100 ಅಡಿಗೆ 3–4 ಇಂಚು ಇಳಿಜಾರು ಕೊಟ್ಟು ಒಂದು ಬದಿಗೆ ನೀರು ಸಾಗಿಸಿ, ಕೊನೆಯಲ್ಲಿ ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ ಕಟ್ಟಿ. ಕೋಡಿಯ ಮಟ್ಟ ಬದುವಿನ ತಲೆಗಿಂತ ಒಂದು ಅಡಿ ಕೆಳಗಿರಲಿ. ಹೊಸ ಮಣ್ಣು ಕುಸಿಯುವುದರಿಂದ ಬೇಕಾದ್ದಕ್ಕಿಂತ ಕಾಲು ಪಾಲು ಎತ್ತರ ಹಾಕಿಸಿ. ಬದು ಒಡೆದ ಹೊಲಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಕೋಡಿ ಇಲ್ಲದಿರುವುದೇ. ಆಮೇಲೆ ಬದುವಿನ ಮೇಲೆ ಮೂರಡಿಗೊಂದು ಗ್ಲಿರಿಸಿಡಿಯಾ ಗಿಡ ನೆಡಿ, ಮಣ್ಣೂ ಹಿಡಿಯುತ್ತದೆ, ಎರಡನೇ ವರ್ಷದಿಂದ ಹಸಿರೆಲೆ ಗೊಬ್ಬರವೂ ಸಿಗುತ್ತದೆ.

ಎರೆ ಹೊಲದಲ್ಲಿ ಹಿಂಗಾರಿ ಜೋಳ ಅಥವಾ ಕಡಲೆ ಹಾಕುವವರಿಗೆ ಚೌಕು ಮಡಿಗಿಂತ ಅಗ್ಗದ ಉಪಾಯ ಇಲ್ಲ. ಜೂನ್–ಜುಲೈನಲ್ಲಿ ಹರಗಿದ (ಕುಂಟೆ ಹೊಡೆದ) ಮೇಲೆ ಅರ್ಧ ಅಡಿ ಎತ್ತರದ ಸಣ್ಣ ಒಡ್ಡುಗಳಿಂದ ಹೊಲವನ್ನು 10 ರಿಂದ 15 ಅಡಿಯ ಚೌಕಗಳಾಗಿ ಒಡೆಯಿರಿ. ಇಳಿಜಾರು ಹೆಚ್ಚಿದ್ದಲ್ಲಿ ಚೌಕ ಚಿಕ್ಕದು. ನಮ್ಮ ಭಾಗಕ್ಕೆ ಸೆಪ್ಟೆಂಬರಿನ ಮಳೆಯೇ ದೊಡ್ಡದು. ಅದು ಬಿದ್ದಲ್ಲೇ ನಿಂತು ಇಂಗುತ್ತದೆ, ಬಿತ್ತುವಾಗ ಒಡ್ಡು ಹರಗಿಬಿಟ್ಟರಾಯಿತು.

ಗೊಬ್ಬರದ ವಿಷಯ ನೇರವಾಗಿ ಹೇಳುತ್ತೇವೆ. ಜೀವಾಮೃತ (ಸೆಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಕೊಳೆಸಿದ ದ್ರಾವಣ) ಒಂದನ್ನೇ ನಂಬಿ ಮೊದಲ ವರ್ಷವೇ ಎರಡೂ ಎಕರೆಯಲ್ಲಿ ಉಳಿದ ಗೊಬ್ಬರ ನಿಲ್ಲಿಸಬೇಡಿ. ಜೀವಾಮೃತ ಮಣ್ಣಿನ ಜೀವಿಗಳಿಗೆ ಚಾಲನೆ ಕೊಡುತ್ತದೆ, ಆ ಜೀವಿಗಳಿಗೆ ತಿನ್ನಲು ಕೊಟ್ಟಿಗೆ ಗೊಬ್ಬರ, ಕಸಕಡ್ಡಿ ಬೇಕು, ಜೊತೆಗೆ ತೇವ ಬೇಕು. ಒಣ ನೆಲಕ್ಕೆ ಸುರಿದರೆ ಬೆಲ್ಲ ದಂಡ. ಒಂದು ಎಕರೆಯಲ್ಲಿ ಪೂರ್ತಿ ಸಾವಯವ ಮಾಡಿ, ಇನ್ನೊಂದರಲ್ಲಿ ಮಣ್ಣು ಪರೀಕ್ಷೆ ಹೇಳಿದಷ್ಟು ಹಾಕಿ, ಎರಡರ ಖರ್ಚು–ಇಳುವರಿ ಬೇರೆ ಬರೆಯಿರಿ. ಕೊಟ್ಟಿಗೆ ಗೊಬ್ಬರ ಎಕರೆಗೆ ಎರಡೂವರೆಯಿಂದ ಮೂರು ಟನ್, ಬಿತ್ತನೆಗೆ ಎರಡು–ಮೂರು ವಾರ ಮೊದಲು. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸೆಗಣಿ ವಾಸನೆ ಬರಬಾರದು. ಹಸಿ ಸೆಗಣಿ ಹಾಕಿದರೆ ಗೆದ್ದಲು, ಗೊಣ್ಣೆಹುಳು ಕರೆದಂತೆ.

ಬೀಜವನ್ನು ಬಿತ್ತುವ ಎಂಟು ದಿನ ಮೊದಲು ಪರೀಕ್ಷಿಸಿ. ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಕಲಸಿ, ಆರಿಸದೆ 100 ಕಾಳು ಎಣಿಸಿ. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆಯಾದ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲು ಜೋಡಿಸಿ, ಚಾಪೆಯಂತೆ ಸುತ್ತಿ ನೆರಳಲ್ಲಿಡಿ. ದಿನಕ್ಕೆರಡು ಸಲ ನೀರು ಚಿಮುಕಿಸಿ. ಆರನೇ ದಿನ ಬಿಚ್ಚಿ, ಬೇರೂ ಮೊಳಕೆಯೂ ಗಟ್ಟಿಯಾಗಿ ಬಂದವನ್ನು ಮಾತ್ರ ಎಣಿಸಿ. ಸೊಟ್ಟಗೆ, ಕೊಳೆತು, ಬೇರಿಲ್ಲದೆ ಬಂದವು ಲೆಕ್ಕಕ್ಕಿಲ್ಲ. ಸಜ್ಜೆ, ಜೋಳ, ತೊಗರಿಗೆ 75, ಶೇಂಗಾಕ್ಕೆ 70 ಬರಬೇಕು. 60 ಬಂದರೆ ಬೀಜ ಹೆಚ್ಚಿಸಿ, 50ಕ್ಕಿಂತ ಕಡಿಮೆಯಾದರೆ ಆ ಬೀಜ ಬಿಡಿ. ತೊಗರಿ ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಲೇಪಿಸಿ, ಕೊನೆಗೆ ಬೆಲ್ಲದ ಅಂಟಿನಲ್ಲಿ ರೈಜೋಬಿಯಂ (ಗಾಳಿಯ ಸಾರಜನಕ ಹಿಡಿಯುವ ಜೀವಾಣು ಗೊಬ್ಬರ) ಹಚ್ಚಿ ನೆರಳಲ್ಲಿ ಆರಿಸಿ. ನೆಟೆ ರೋಗ (ಗಿಡ ಸೊರಗಿ ಒಣಗುವ ರೋಗ) ಇರುವ ಹೊಲಕ್ಕೆ ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ ಹುಡುಕಿ.

ಮೊದಲ ವರ್ಷಕ್ಕೆ ನಮ್ಮ ಆಯ್ಕೆ ಸಜ್ಜೆ ಮತ್ತು ತೊಗರಿ, ಸಜ್ಜೆಯ ಎರಡು ಸಾಲಿಗೆ ತೊಗರಿಯ ಒಂದು ಸಾಲು. ಸಜ್ಜೆ ಮೂರು ತಿಂಗಳೊಳಗೆ ಮನೆಗೆ ಬರುತ್ತದೆ, ಮಳೆ ಹಿಂದೆಮುಂದಾದರೆ ತೊಗರಿ ಕಾಯುತ್ತದೆ. ಮೂರು ತಾಳಿನ (ಬೀಜ ಇಳಿಯುವ ಕಾಲು) ಕೂರಿಗೆಯಲ್ಲಿ, ಅಂದರೆ ಸಾಲಿಗೆ ಬಿತ್ತುವ ಸಾಧನದಲ್ಲಿ, ತೊಗರಿಯನ್ನು ನಡುವಿನ ತಾಳಿಗೇ ಬಿಡಿ. ಬದಿಯ ತಾಳಿಗೆ ಬಿಟ್ಟರೆ ಕೂರಿಗೆ ತಿರುಗಿ ಬರುವಾಗ ಎರಡು ತೊಗರಿ ಸಾಲು ಅಕ್ಕಪಕ್ಕ ಬೀಳುತ್ತವೆ. ನಡುವಿನದಾದರೆ ಯಾವ ಕಡೆ ತಿರುಗಿದರೂ ಸಜ್ಜೆ, ತೊಗರಿ, ಸಜ್ಜೆ ಎಂದೇ ಬರುತ್ತದೆ. ಬೀಜ ಹಾಕುವ ಬಟ್ಟಲಿನ ನಡುವಿನ ತೂತು ಬಟ್ಟೆಯಿಂದ ಮುಚ್ಚಿ, ತೊಗರಿಗೆ ಹಿಂದೆ ಬೇರೆ ಕೊಳವೆ ಕಟ್ಟಿ. ಸಾಲಿನ ನಡುವೆ ಒಂದೂವರೆ ಅಡಿ ಇರುವಂತೆ ಎಕರೆಗೆ ಸಜ್ಜೆ ಒಂದೂವರೆ ಕಿಲೋ, ತೊಗರಿ 3 ಕಿಲೋ ಸಾಕು. ಸಜ್ಜೆಗೆ ಸಣ್ಣ ಮರಳು ಬೆರೆಸಿದರೆ ದಟ್ಟವಾಗಿ ಬೀಳುವುದಿಲ್ಲ. ಒಂದು ಇಂಚಿಗಿಂತ ಆಳ ಹೋದರೆ ಅದು ಮೇಲೆ ಬರಲು ಒದ್ದಾಡುತ್ತದೆ.

ಹೊಸಬರು ಹೆಚ್ಚು ಎಡವುವುದು ಬಿತ್ತುವ ದಿನದ ಆತುರದಲ್ಲಿ. ರೋಹಿಣಿಯ ಒಂದು ಹನಿ ಮಳೆಗೆ ಕೂರಿಗೆ ಹೂಡಿದರೆ ಬೀಜ ಮೊಳೆತು, ಕೆಳಗೆ ಹಸಿ ಸಿಗದೆ ಒಣಗುತ್ತದೆ. ಗುದ್ದಲಿಯಿಂದ ಅಗೆದು ನೋಡಿ, ಒಂದು ಗೇಣು ಹಸಿ ಇಳಿದಿರಬೇಕು. ಆ ಆಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿ. ಉಂಡೆಯೇ ಆಗದಿದ್ದರೆ ಇನ್ನೊಂದು ಮಳೆಗೆ ಕಾಯಿರಿ, ಬಿದ್ದು ಚಪ್ಪಟೆಯಾದರೆ ಎರಡು ದಿನ ಆರಲಿ, ಒಡೆದು ಹರಡಿದರೆ ಹದ ಬಂದಿದೆ. ಮಿರ್ಗ (ಜೂನಿನ ಮೃಗಶಿರಾ ಮಳೆ) ತಪ್ಪಿತೆಂದು ಕಂಗಾಲಾಗಬೇಡಿ, ಸಜ್ಜೆ, ತೊಗರಿ ಎರಡಕ್ಕೂ ಜುಲೈ ತನಕ ಸಮಯ ಇದೆ.

ಇಪ್ಪತ್ತು ದಿನಕ್ಕೆ ಒತ್ತಾದ ಸಸಿ ಕಿತ್ತು ಸಾಲಿನ ನಡುವೆ ಎಡೆಕುಂಟೆ ಹೊಡೆಯಿರಿ, ನಲವತ್ತಕ್ಕೆ ಇನ್ನೊಂದು ಸಲ. ಕಳೆ ಇಲ್ಲದಿದ್ದರೂ ಎರೆಯಲ್ಲಿ ಇದು ಬೇಕು, ಬಿರುಕು ಮುಚ್ಚಿ ಹಸಿ ಉಳಿಯುತ್ತದೆ. ತೊಗರಿಗೆ 45–50 ದಿನವಾದಾಗ ಕುಡಿ ಚಿವುಟಿದರೆ ಕವಲು ಹೆಚ್ಚುತ್ತವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ (ಬೇಳೆಕಾಳು ಬೆಳೆಗೆ ಸಿಂಪಡಿಸುವ ಪೋಷಕಾಂಶದ ಪುಡಿ) ಅನ್ನು ಹೂವಾಡುವಾಗ ಎಕರೆಗೆ 2 ಕಿಲೋದಂತೆ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸುತ್ತಾರೆ. ಪೂರ್ತಿ ಸಾವಯವ ಎಂದು ತೀರ್ಮಾನಿಸಿದ ಎಕರೆಗೆ ಮಾತ್ರ ಇದು ಬೇಡ.

ತೊಗರಿಯ ಕಾಯಿಕೊರಕ ಹುಳುವಿಗೆ ತಯಾರಿ ಬೇವಿನ ಹಣ್ಣು ಉದುರುವಾಗಲೇ ಶುರುವಾಗಬೇಕು. ಬೀಜ ತೊಳೆದು ನೆರಳಲ್ಲಿ ಒಣಗಿಸಿ ಗಾಳಿಯಾಡುವ ಚೀಲದಲ್ಲಿಡಿ, ಬೂಸ್ಟು ಹಿಡಿದದ್ದು ಕೆಲಸಕ್ಕೆ ಬಾರದು. ತೊಗರಿ ಹೂವಿಗೆ ಬಂದಾಗ 5 ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ಸಾಬೂನು ನೀರು ಬೆರೆಸಿ 100 ಲೀಟರ್ ಮಾಡಿ ಸಂಜೆ ಸಿಂಪಡಿಸಿ. ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ. ಮೊಟ್ಟೆ, ಸಣ್ಣ ಹುಳು ಇರುವಾಗ ಮಾತ್ರ ಇದು ಹಿಡಿಯುತ್ತದೆ. ಬಲಿತ ಹುಳುವಿಗೆ ಗಿಡದ ಕೆಳಗೆ ತಾಡಪತ್ರಿ ಹಾಸಿ ಅಲುಗಿಸಿ ಬೀಳಿಸುವುದೇ ದಾರಿ.

ಕಾಗದಪತ್ರದಲ್ಲಿ ಮುಖ್ಯವಾದದ್ದು ಎರಡು. ಪಹಣಿ ನಿಮ್ಮ ಹೆಸರಿಗಿದ್ದು ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ದಾಖಲೆ ತಂತ್ರಾಂಶ) ನೋಂದಣಿ ಆಗಿರಬೇಕು, ಇದಿಲ್ಲದೆ ಸಬ್ಸಿಡಿ, ಬೆಂಬಲ ಬೆಲೆ ಕೇಂದ್ರ ಎಲ್ಲೂ ಕೆಲಸ ಸಾಗದು. ಇನ್ನೊಂದು ಬೆಳೆ ವಿಮೆ. ಮುಂಗಾರಿನ ಆಹಾರ ಬೆಳೆಗೆ ರೈತರು ಕಟ್ಟುವ ಕಂತು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ವಿಮೆಯಲ್ಲಿ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಬೇರೆಯಾದರೆ ಪರಿಹಾರ ತಪ್ಪಬಹುದು. ಸಮೀಕ್ಷೆಯವರು ಬಂದ ದಿನ ಹೊಲದಲ್ಲೇ ನಿಂತು ಎರಡೂ ಬೆಳೆ ಬರೆಸಿ. ಸಂದೇಹ ಬಂದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ವರ್ಷದ ಬೀಜ ಕಣದ ರಾಶಿಯಿಂದ ತೆಗೆಯಬೇಡಿ. ಕೊಯ್ಲಿಗೆ ಮುಂಚೆಯೇ ಹೊಲದ ನಡುವಿನ ರೋಗವಿಲ್ಲದ ಗಿಡಗಳಿಗೆ ಬಣ್ಣದ ದಾರ ಕಟ್ಟಿ, ಅವನ್ನು ಬೇರೆ ಕೊಯ್ದು ಬೇರೆ ಬಡಿಯಿರಿ. ಸಜ್ಜೆ ಹೈಬ್ರಿಡ್ ಆಗಿದ್ದರೆ ಈ ಶ್ರಮ ವ್ಯರ್ಥ, ಅದಕ್ಕೇ ಮೊದಲೇ ಐಸಿಟಿಪಿ 8203ನಂಥ ಸಾಮಾನ್ಯ ತಳಿ ತನ್ನಿ. ಹಲ್ಲಲ್ಲಿ ಕಡಿದರೆ ಕಟಕ್ಕೆಂದು ಒಡೆಯುವ ತನಕ ಒಣಗಿಸಿ, ಬೂದಿ ಬೆರೆಸಿ ಡಬ್ಬಿ ತುಂಬಿ, ಮೇಲೆ ತಳಿಯ ಹೆಸರು ಮತ್ತು ಕೊಯ್ದ ತಿಂಗಳು ಬರೆದಿಡಿ.