ಲಾಕ್‌ಡೌನ್ ವರ್ಷದ ಕರ್ನಾಟಕ: ನನ್ನ ಎಕ್ಸೆಲ್ ಶೀಟಿನ ಡೈರಿ

ಏಪ್ರಿಲ್ 19, 2020

ಕೆಲಸ ಇಲ್ಲ. ತುಮಕೂರಿನ ಮೂವತ್ತು ನಲವತ್ತು ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕಸುಬು. ಅಂಗಡಿಗಳೇ ಮುಚ್ಚಿವೆ, ರಿಟರ್ನ್ ಗಡುವೂ ಮುಂದಕ್ಕೆ ಹೋಗಿದೆ. ಟಿವಿಯಲ್ಲಿ ಒಬ್ಬರು ರಾಜ್ಯ ದಿವಾಳಿ ಅಂತಾರೆ, ಇನ್ನೊಬ್ಬರು ದೀಪಾವಳಿ ಹೊತ್ತಿಗೆ ಎಲ್ಲಾ ಸರಿ ಅಂತಾರೆ. ಇಬ್ಬರ ಕೈಯಲ್ಲೂ ಒಂದು ಅಂಕಿ ಇಲ್ಲ.

ಅದಕ್ಕೆ ಇವತ್ತು ಒಂದು ಶೀಟ್ ತೆರೆದೆ. ರಾಜ್ಯದ ಜಿಡಿಪಿ ಲೆಕ್ಕ ವರ್ಷಕ್ಕೊಮ್ಮೆ ಬರುತ್ತದೆ, ಬಂದ ಮೇಲೂ ತಿದ್ದುತ್ತಲೇ ಇರುತ್ತಾರೆ. ಅಷ್ಟು ಹೊತ್ತಿಗೆ ಮದುವೆ ಮುಗಿದು ಚಪ್ಪರ ಬಿಚ್ಚಿರುತ್ತದೆ. ನನಗೆ ಬೇಕಿರುವುದು ತಿಂಗಳ ಅಂಕಿ. ಕಾಲಂಗಳು ಹೀಗೆ: ಜಿಎಸ್‌ಟಿ, ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಚೀಟಿ), ಕರೆಂಟ್, ಅಬಕಾರಿ, ಆಸ್ತಿ ನೋಂದಣಿ, ಉದ್ಯೋಗ ಖಾತ್ರಿ.

ಮಾರ್ಚ್ 5ರಂದು ಯಡಿಯೂರಪ್ಪನವರು ಮಂಡಿಸಿದ ಬಜೆಟ್ಟಿನ ಗುರಿಗಳನ್ನೂ ಪಕ್ಕದಲ್ಲಿ ಬರೆದುಕೊಂಡೆ. ಒಟ್ಟು ಗಾತ್ರ 2,37,893 ಕೋಟಿ. ಅಬಕಾರಿ 22,700 ಕೋಟಿ, ಮುದ್ರಾಂಕ ಮತ್ತು ನೋಂದಣಿ 12,655 ಕೋಟಿ, ವಾಹನ ತೆರಿಗೆ 7,115 ಕೋಟಿ. ಬಜೆಟ್ ಓದಿ ಇಪ್ಪತ್ತು ದಿನಕ್ಕೆ ದೇಶಕ್ಕೇ ಬೀಗ.

ಮೇ 7

ಮೊದಲು ತುಂಬಿದ್ದು ಅಬಕಾರಿ ಕಾಲಂ. ಬೇರೆ ಯಾವುದಿರುತ್ತೆ ಹೇಳಿ! ಮೇ 4ಕ್ಕೆ ಅಂಗಡಿ ತೆರೆದವು. ಮೊದಲ ದಿನ 45 ಕೋಟಿ ರೂಪಾಯಿ ಮಾರಾಟ, ಮಾರನೇ ದಿನ 197 ಕೋಟಿ. ನನ್ನ ಗ್ರಾಫ್ ತೆಂಗಿನ ಮರದ ಹಾಗೆ ನೆಟ್ಟಗೆ ನಿಂತಿತು.

ಖುಷಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸಿದೆ. ಆಮೇಲೆ ಕೂತು ಯೋಚಿಸಿದರೆ ಅದರಲ್ಲಿ ಎರಡು ಸುಳ್ಳು. ನಲವತ್ತು ದಿನದ ಬಾಯಾರಿಕೆ ಒಂದೇ ದಿನಕ್ಕೆ ಬಂದಿದೆ. ಇನ್ನೊಂದು, ಸರ್ಕಾರ ಸುಂಕ ಏರಿಸಿದೆ. ಅಷ್ಟೇ ಬಾಟಲಿ ಮಾರಿದರೂ ರೂಪಾಯಿ ಜಾಸ್ತಿ ಕಾಣುತ್ತದೆ. ಹಾಗಾಗಿ ಇನ್ನು ಮುಂದೆ ಅಬಕಾರಿಗೆ ರೂಪಾಯಿ ಜೊತೆ ಬಾಕ್ಸ್ ಲೆಕ್ಕವನ್ನೂ ಬರೆಯಬೇಕು. ಪೆಟ್ರೋಲ್, ಡೀಸೆಲ್ ಕಥೆಯೂ ಇದೇ. ರಾಜ್ಯ ಏಪ್ರಿಲ್‌ನಿಂದ ಮಾರಾಟ ತೆರಿಗೆ ಏರಿಸಿದೆ. ಕೇಂದ್ರ ಈಗ ಪೆಟ್ರೋಲಿಗೆ 10 ರೂಪಾಯಿ, ಡೀಸೆಲ್‌ಗೆ 13 ರೂಪಾಯಿ ಸುಂಕ ಸೇರಿಸಿದೆ. ಇಲ್ಲಿ ನೋಡಬೇಕಾದ್ದು ಲೀಟರ್.

ಜೂನ್ 21

ಕರೆಂಟ್ ಕಾಲಂ ಕೈ ಕೊಟ್ಟಿತು.

ಕಾರ್ಖಾನೆ ತೆರೆದ ಮೇಲೆ ಬಳಕೆ ಏರಬೇಕು, ಅಲ್ವಾ? ಶೀಟಿನಲ್ಲಿ ಇಳಿಯುತ್ತಿದೆ. ಎರಡು ದಿನ ಫಾರ್ಮುಲಾ ತಪ್ಪಿರಬೇಕು ಅಂತ ಹುಡುಕಿದೆ. ತಪ್ಪು ಫಾರ್ಮುಲಾದಲ್ಲಿರಲಿಲ್ಲ, ಆಕಾಶದಲ್ಲಿತ್ತು. ನಮ್ಮ ರಾಜ್ಯದ ಕರೆಂಟಿನಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಪಂಪ್‌ಸೆಟ್‌ಗಳಿಗೇ ಹೋಗುತ್ತದೆ. ಬೇಸಿಗೆಯಲ್ಲಿ ಅಡಿಕೆ ತೋಟದ ಮೋಟಾರ್ ಓಡುತ್ತದೆ, ಮಳೆ ಬಿದ್ದರೆ ನಿಲ್ಲುತ್ತದೆ. ಪೀಣ್ಯದಲ್ಲಿ ಲೇತ್ ತಿರುಗುತ್ತಿದೆಯೋ ಇಲ್ಲವೋ ಅನ್ನುವುದು ಈ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ಒಂದು ಉಪಾಯ ಹೊಳೆಯಿತು. ಪಂಪ್‌ಸೆಟ್‌ಗೆ ಭಾನುವಾರ ಗೊತ್ತಿಲ್ಲ, ಕಾರ್ಖಾನೆಗೆ ಗೊತ್ತು. ದಿನದ ವರದಿ ಸಿಗುತ್ತದೆ, ಅದರಲ್ಲಿ ಬುಧವಾರದ ಬಳಕೆಯಿಂದ ಭಾನುವಾರದ್ದನ್ನು ಕಳೆದರೆ ಉಳಿಯುವುದು ಹೆಚ್ಚುಕಮ್ಮಿ ಕಾರ್ಖಾನೆ ಮತ್ತು ಆಫೀಸುಗಳದ್ದು. ಹೊಸ ಕಾಲಂ ಹಾಕಿದೆ: 'ಬುಧ ಮೈನಸ್ ಭಾನು'. ಈ ಇಡೀ ಶೀಟಿನಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ.

ಜುಲೈ 5

ಹೆಮ್ಮೆ ಎರಡು ವಾರವೂ ಉಳಿಯಲಿಲ್ಲ. ಇವತ್ತಿಂದ ಭಾನುವಾರಗಳಂದು ರಾಜ್ಯವೆಲ್ಲ ಲಾಕ್‌ಡೌನ್. ಭಾನುವಾರ ಇನ್ನಷ್ಟು ಕೆಳಗೆ ಹೋದರೆ ವ್ಯತ್ಯಾಸ ಸುಮ್ನೆ ಉಬ್ಬುತ್ತದೆ, ಕಾರ್ಖಾನೆ ಚೇತರಿಸಿಕೊಂಡ ಹಾಗೆ ಕಾಣುತ್ತದೆ. ಈ ವಾರಗಳಿಗೆ ಬೂದು ಬಣ್ಣ ಹಚ್ಚಿ ಪಕ್ಕಕ್ಕಿಟ್ಟಿದ್ದೇನೆ.

ಈ ವಾರದ ದೊಡ್ಡ ಸುದ್ದಿ ಜಿಎಸ್‌ಟಿ. ಮೂರು ತಿಂಗಳ ಅಂಕಿ ಒಂದೇ ಸಲ ಬಂತು. ದೇಶದ ಲೆಕ್ಕದಲ್ಲಿ ಏಪ್ರಿಲ್ 32 ಸಾವಿರ ಕೋಟಿ ಚಿಲ್ಲರೆ, ಮೇ 62,009 ಕೋಟಿ, ಜೂನ್ 90,917 ಕೋಟಿ. ಹೋದ ವರ್ಷ ಏಪ್ರಿಲ್ ಒಂದರಲ್ಲೇ 1,13,865 ಕೋಟಿ ಬಂದಿತ್ತು.

ಪೇಪರಿನಲ್ಲಿ 'ಚೇತರಿಕೆ' ಅಂತ ತಲೆಬರಹ. ನಾನು ಈ ಕೆಲಸ ಮಾಡುವವನಲ್ಲದಿದ್ದರೆ ನಾನೂ ನಂಬುತ್ತಿದ್ದೆ. ಈ ತಿಂಗಳ ವ್ಯಾಪಾರದ ತೆರಿಗೆ ಬರುವುದು ಮುಂದಿನ ತಿಂಗಳ 20ರ ಸುತ್ತ. ಅಂದರೆ ಜಿಎಸ್‌ಟಿ ಯಾವಾಗಲೂ ಒಂದು ತಿಂಗಳು ಹಿಂದೆ. ಈ ಸಲ ಗಡುವು ವಿಸ್ತರಿಸಿದ್ದರಿಂದ ಹಳೇ ಬಾಕಿಯೂ ಸೇರಿದೆ. ಜೂನ್‌ನಲ್ಲಿ ನಾನು ಹಾಕಿದ ರಿಟರ್ನ್‌ಗಳಲ್ಲಿ ಅರ್ಧಕ್ಕರ್ಧ ಫೆಬ್ರವರಿ, ಮಾರ್ಚ್ ತಿಂಗಳವು. ಒಬ್ಬ ಹಾರ್ಡ್‌ವೇರ್ ಅಂಗಡಿಯವರಂತೂ ಮೂರು ತಿಂಗಳ ಬಿಲ್ಲುಗಳನ್ನು ಸಿಮೆಂಟ್ ಚೀಲದಲ್ಲಿ ತುಂಬಿ ತಂದುಕೊಟ್ಟರು. ಆ ಚೀಲವೂ ಜೂನ್ ಅಂಕಿಯೊಳಗೆ ಕೂತಿದೆ.

ಇ-ವೇ ಬಿಲ್‌ಗೆ ಈ ರೋಗ ಇಲ್ಲ. 50 ಸಾವಿರ ರೂಪಾಯಿ ಮೀರಿದ ಸರಕು ಹೊರಟರೆ ಅವತ್ತೇ ಬಿಲ್ ಆಗಬೇಕು. (ವ್ಯಾಟ್ ಇದ್ದಾಗ ಸರಕು ಸಾಗಿಸಲು ರಾಜ್ಯದ್ದೇ ಆನ್‌ಲೈನ್ ಚೀಟಿಯಾಗಿದ್ದ ಇ-ಸುಗಮ್ ಕಾಲದಿಂದಲೂ ಇದು ನಮಗೆ ಅಭ್ಯಾಸ. ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಂದೇ ಇ-ವೇ ಬಿಲ್ ಜಾರಿ ಮಾಡಿದ್ದು ಕರ್ನಾಟಕ.) ದೇಶದಲ್ಲಿ ಮಾರ್ಚ್‌ನಲ್ಲಿ 4 ಕೋಟಿಗೂ ಜಾಸ್ತಿ ಬಿಲ್ ಆಗಿತ್ತು. ಏಪ್ರಿಲ್‌ನಲ್ಲಿ ಕೋಟಿಯೂ ಮುಟ್ಟಲಿಲ್ಲ. ಮೇನಲ್ಲಿ ಎರಡೂವರೆ ಕೋಟಿ, ಜೂನ್‌ನಲ್ಲಿ ಮತ್ತೆ 4 ಕೋಟಿ ದಾಟಿತು.

ಇದನ್ನು ಭಾವನಿಗೆ ತೋರಿಸಿದೆ. ಅವರದು ಎರಡು ಲಾರಿ, ಕ್ಯಾತ್ಸಂದ್ರದ ಹತ್ತಿರ ಒಂದೂವರೆ ತಿಂಗಳು ನಿಂತಿದ್ದವು. ನೋಡಿ ನಕ್ಕರು. "ಲೋಡ್ ಸಿಗ್ತಿದೆ ಕಣಪ್ಪ, ರಿಟರ್ನ್ ಲೋಡ್ ಸಿಗ್ತಿಲ್ಲ. ಪುಣೆಗೆ ಹೋಗಿ ಮೂರು ದಿನ ಕಾಯ್ದು ಖಾಲಿ ಬಂದೆ. ನಿನ್ನ ಶೀಟಲ್ಲಿ ಖಾಲಿ ಗಾಡಿ ಎಲ್ಲಿದೆ?" ಎಲ್ಲೂ ಇಲ್ಲ. ಖಾಲಿ ಗಾಡಿಗೆ ಬಿಲ್ ಆಗುವುದಿಲ್ಲ.

ಸೆಪ್ಟೆಂಬರ್ 6

ಆಗಸ್ಟ್ 31ಕ್ಕೆ ದೇಶದ ಜಿಡಿಪಿ ಬಂತು. ಏಪ್ರಿಲ್-ಜೂನ್‌ನಲ್ಲಿ ಶೇ 23.9 ಕುಸಿತ. ನನ್ನ ಶೀಟ್ ಮೇ ಹೊತ್ತಿಗೇ ಹೇಳುತ್ತಿದ್ದ ಮಾತು ಇದು. ಎಷ್ಟು ಅಂತ ಹೇಳಲು ಬರುತ್ತಿರಲಿಲ್ಲ, ಅಷ್ಟೇ.

ಈ ತಿಂಗಳ ತಿದ್ದುಪಡಿ ಬಣ್ಣದ್ದು. ಏರಿದರೆ ಹಸಿರು, ಇಳಿದರೆ ಕೆಂಪು ಅಂತ ಎಲ್ಲ ಕಾಲಂಗೂ ಒಂದೇ ನಿಯಮ ಹಾಕಿದ್ದೆ. ಉದ್ಯೋಗ ಖಾತ್ರಿಯ ಮಾನವ ದಿನಗಳ ಕಾಲಂ ಹಸಿರೋ ಹಸಿರು. ಚಿಕ್ಕಮ್ಮನ ಮಗಳು ಗ್ರಾಮ ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ಗೌರಿ ಹಬ್ಬಕ್ಕೆ ಬಂದಾಗ ನೋಡಿದಳು. "ಅಲ್ಲಣ್ಣ, ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಿದ್ದ ಹುಡುಗ್ರು ಬಂದು ಬದು ಹಾಕ್ತೀವಿ, ಕೆಲಸ ಕೊಡಿ ಅಂತಿದಾರೆ. ನೀನು ಹಸಿರು ಬಳಿದಿದೀಯಲ್ಲ!"

ಸರಿಯಾಗೇ ಹೇಳಿದಳು. ದಿನಕ್ಕೆ 275 ರೂಪಾಯಿ ಕೂಲಿಗೆ ಜನ ಸಾಲು ನಿಂತರೆ ಅದು ಬೇರೆಲ್ಲೂ ಕೆಲಸ ಇಲ್ಲ ಅನ್ನುವುದರ ಗುರುತು. ಆ ಕಾಲಂನ ಬಣ್ಣ ತಿರುಗಿಸಿದೆ. ಒಂದು ಅನುಮಾನ ಮಾತ್ರ ಉಳಿದಿದೆ: ಪಂಚಾಯಿತಿ ಚುರುಕಾಗಿ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆದರೂ ಅಂಕಿ ಏರುತ್ತದೆ. ಕಷ್ಟ ಎಷ್ಟು, ಚುರುಕು ಎಷ್ಟು ಅಂತ ಬೇರೆ ಮಾಡುವ ದಾರಿ ಇನ್ನೂ ಸಿಕ್ಕಿಲ್ಲ.

ನವೆಂಬರ್ 3

ದೇಶದ ಜಿಎಸ್‌ಟಿ ಈ ಹಣಕಾಸು ವರ್ಷದಲ್ಲಿ ಮೊದಲ ಸಲ ಲಕ್ಷ ಕೋಟಿ ದಾಟಿತು: ಅಕ್ಟೋಬರ್‌ನಲ್ಲಿ 1,05,155 ಕೋಟಿ. ಕರ್ನಾಟಕದ ಸಾಲಿನಲ್ಲಿ 6,998 ಕೋಟಿ, ಹೋದ ವರ್ಷ ಇದೇ ತಿಂಗಳು 6,675 ಕೋಟಿ. ಅಂತೂ ಹಸಿರು.

ಜೊತೆಗೇ ನನ್ನದೊಂದು ದೊಡ್ಡ ತಪ್ಪು ಸಿಕ್ಕಿತು. ಈ ಸಾಲನ್ನು ನಾನು 'ರಾಜ್ಯದ ಆದಾಯ' ಅಂತ ಬರೆದುಕೊಂಡಿದ್ದೆ. ಇದು ರಾಜ್ಯದಲ್ಲಿ ವಸೂಲಾದ ಹಣ, ರಾಜ್ಯಕ್ಕೆ ಸಿಕ್ಕ ಹಣ ಅಲ್ಲ. ಇದರಲ್ಲಿ ಕೇಂದ್ರದ ಪಾಲೂ ಇದೆ, ಹೊರರಾಜ್ಯದ ವ್ಯಾಪಾರದ ಮೇಲೆ ಬಿದ್ದು ಆಮೇಲೆ ಹಂಚಿಕೆಯಾಗುವ ಐಜಿಎಸ್‌ಟಿಯೂ ಇದೆ. ರಿಟರ್ನ್ ಹಾಕುವವನಾಗಿ ನಾನೇ ಹೀಗೆ ಎಡವಿದೆನಲ್ಲ ಅಂತ ನಾಚಿಕೆಯಾಯಿತು. ಕಾಲಂ ಒಡೆದು ಎರಡು ಮಾಡಿದೆ. ಮೊದಲನೆಯದು ವ್ಯಾಪಾರ ಹೇಗಿದೆ ಅಂತ ಹೇಳುತ್ತದೆ, ಎರಡನೆಯದು ವಿಧಾನಸೌಧದ ಜೇಬು ಹೇಗಿದೆ ಅಂತ. ರಾಜ್ಯಗಳಿಗೆ ಕೇಂದ್ರ ಕೊಡಬೇಕಾದ ಜಿಎಸ್‌ಟಿ ನಷ್ಟ ಪರಿಹಾರದ ಬದಲು ಸಾಲ ಎತ್ತಿಕೊಡುವ ಮಾತು ನಡೆದಿರುವ ಈ ವರ್ಷ ಅವೆರಡೂ ಒಂದೇ ಅಲ್ಲ.

ಮಾರ್ಚ್ 14, 2021

ನಾಲ್ಕು ತಿಂಗಳು ಬರೆಯಲಿಲ್ಲ. ಕಸುಬು ವಾಪಸ್ ಬಂತು, ಅದೇ ನನ್ನ ಮಟ್ಟಿಗೆ ದೊಡ್ಡ ಸೂಚ್ಯಂಕ.

ರಾಜ್ಯದ ಆರ್ಥಿಕ ಸಮೀಕ್ಷೆಯ ಅಂದಾಜು: ಒಟ್ಟಾರೆ ಶೇ 2.6 ಕುಸಿತ. ಕೃಷಿ ಮಾತ್ರ ಶೇ 6.4 ಏರಿಕೆ. ನನ್ನ ಶೀಟಿನಲ್ಲಿ ಕೃಷಿಗೆ ಒಂದೇ ಒಂದು ಕಾಲಂ ಇರಲಿಲ್ಲ! ಕರೆಂಟ್ ಲೆಕ್ಕದಿಂದ ಪಂಪ್‌ಸೆಟ್ ಗದ್ದಲ ತೆಗೆಯಲು ಇಷ್ಟೆಲ್ಲ ಒದ್ದಾಡಿದೆ. ಆ ವರ್ಷ ರಾಜ್ಯವನ್ನು ಹಿಡಿದು ನಿಲ್ಲಿಸಿದ್ದು ಆ ಗದ್ದಲವೇ. ಟ್ರ್ಯಾಕ್ಟರ್ ನೋಂದಣಿ ಮತ್ತು ಎಪಿಎಂಸಿ ಆವಕ ಅಂತ ಎರಡು ಕಾಲಂ ಸೇರಿಸಿದ್ದೇನೆ.

ಏಪ್ರಿಲ್ 27, 2021

ವರ್ಷದ ಲೆಕ್ಕ ಮುಗಿಯಿತು. ಅಬಕಾರಿ ಗುರಿ ದಾಟಿ 23 ಸಾವಿರ ಕೋಟಿಯ ಮೇಲೆ ಹೋಯಿತು. ನೋಂದಣಿ ಮತ್ತು ವಾಹನ ತೆರಿಗೆ ಗುರಿ ಮುಟ್ಟಲಿಲ್ಲ. ಅಬಕಾರಿ ಒಂದನ್ನೇ ನೋಡಿದವರಿಗೆ 2020 ಒಳ್ಳೇ ವರ್ಷ.

ಶೀಟಿಗೆ ಈಗ ಬೇರೆ ತಲೆನೋವು. ಹೋದ ಏಪ್ರಿಲ್ ಪಾತಾಳದಲ್ಲಿತ್ತು. ಅದಕ್ಕೆ ಹೋಲಿಸಿದರೆ ಈ ತಿಂಗಳು ಏನೇ ಬಂದರೂ ಮೂರು ಪಟ್ಟು, ನಾಲ್ಕು ಪಟ್ಟು ಅಂತ ತೋರಿಸುತ್ತದೆ. ಇವತ್ತು ಮಧ್ಯಾಹ್ನವಿಡೀ ಕೂತು ಎಲ್ಲ ಕಾಲಂನ ಹೋಲಿಕೆಯನ್ನು 2019ಕ್ಕೆ ಬದಲಿಸಿದೆ.

ರಾತ್ರಿ 9ರಿಂದ ರಾಜ್ಯ ಮತ್ತೆ ಬಂದ್, ಹದಿನಾಲ್ಕು ದಿನ. ಭಾವ ಫೋನ್ ಮಾಡಿದ್ದರು. ಈ ಸಲ ಸರಕು ಗಾಡಿಗೆ ತಡೆ ಇಲ್ಲವಂತೆ, ನಾಳೆ ಬೆಳಗ್ಗೆ ಹುಬ್ಬಳ್ಳಿಗೆ ಲೋಡ್ ಇದೆ. "ವಾಪಸ್ ಬರೋದು?" ಅಂದೆ. "ಅದನ್ನ ನಿನ್ನ ಶೀಟನ್ನೇ ಕೇಳು" ಅಂದರು.

'ಖಾಲಿ ಗಾಡಿ' ಅಂತ ಹೊಸ ಕಾಲಂ ಹಾಕಿದ್ದೇನೆ. ಸದ್ಯಕ್ಕೆ ಅದರಲ್ಲಿ ಎರಡೇ ಲಾರಿಗಳ ಲೆಕ್ಕ.