ಶಂಕರಘಟ್ಟದ ಬಸ್ಸಿನಲ್ಲಿ ಕಂಡ ಓದು

ಶಿವಮೊಗ್ಗದಿಂದ ಶಂಕರಘಟ್ಟದ ಜ್ಞಾನಸಹ್ಯಾದ್ರಿಗೆ, ಅಂದರೆ ಕುವೆಂಪು ವಿಶ್ವವಿದ್ಯಾಲಯದ ಆವರಣಕ್ಕೆ, ಹೋಗುವ ಬೆಳಗಿನ ಬಸ್ಸಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಜೊತೆ ಓಡಾಡುತ್ತಿರುವ ನನಗೆ, ಇಂದಿನ ಮಕ್ಕಳು ಓದುವುದೇ ಇಲ್ಲವೆಂಬ ದೂರು ಸರಿಯೆನಿಸುವುದಿಲ್ಲ. ಅವರು ಓದುತ್ತಾರೆ, ಆದರೆ ಅವರ ಕೈಯಲ್ಲಿರುವುದು ಹಿರಿಯ ವಿದ್ಯಾರ್ಥಿಗಳು ಕೊಟ್ಟ ನೋಟ್ಸಿನ ಜೆರಾಕ್ಸ್ ಪ್ರತಿ, ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಪಿಡಿಎಫ್, ಇಲ್ಲವೇ ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ಬರೆಯುವ ಕೆ-ಸೆಟ್ ಮತ್ತು ಸರ್ಕಾರಿ ಪ್ರಥಮ ದರ್ಜೆ ಸಹಾಯಕ ಹುದ್ದೆಯ ಎಫ್‌ಡಿಎ ಪರೀಕ್ಷೆಗಳ ಹಳೆಯ ಪ್ರಶ್ನೆಪತ್ರಿಕೆ.

ಇದಕ್ಕಾಗಿ ಅವರನ್ನು ದೂಷಿಸಲು ಮನಸ್ಸು ಒಪ್ಪುವುದಿಲ್ಲ. ಸುಮಾರು 16 ವಾರಗಳ ಸೆಮಿಸ್ಟರಿನೊಳಗೆ ಆಂತರಿಕ ಪರೀಕ್ಷೆ, ಸೆಮಿನಾರು, ಅಸೈನ್‌ಮೆಂಟುಗಳೆಲ್ಲ ಮುಗಿಯಬೇಕಾದಾಗ, ಮೂಲಕೃತಿಯನ್ನು ಹಿಡಿದು ಕೂರುವುದಕ್ಕಿಂತ ಅದರ ಹತ್ತು ಪುಟದ ಸಾರಾಂಶವನ್ನು ಬಾಯಿಪಾಠ ಮಾಡುವುದೇ ಅಂಕಕ್ಕೆ ಹತ್ತಿರದ ದಾರಿಯಾಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಂತೂ ತೀರ್ಥಹಳ್ಳಿ, ಹೊಸನಗರ ಕಡೆಯ ಎಷ್ಟೋ ಮಕ್ಕಳು ಶನಿವಾರ, ಭಾನುವಾರ ಮನೆಯ ಕೆಲಸಕ್ಕೆ ಕೈಜೋಡಿಸಲೇಬೇಕು.

1987ರಲ್ಲಿ ಸ್ಥಾಪನೆಯಾಗಿ ಕವಿಯೊಬ್ಬರ ಹೆಸರನ್ನೇ ಹೊತ್ತ ಕುವೆಂಪು ವಿಶ್ವವಿದ್ಯಾಲಯದ ಆವರಣದಲ್ಲಿ, ಪಠ್ಯದ ಹೊರಗಿನ ಪುಸ್ತಕವೊಂದು ವಿದ್ಯಾರ್ಥಿಯ ಚೀಲದಲ್ಲಿ ಕಂಡರೆ ನನಗಾಗುವ ಸಂತೋಷ ಸಣ್ಣದಲ್ಲ. ಕಳೆದ ಮಳೆಗಾಲದಲ್ಲಿ ಅರ್ಥಶಾಸ್ತ್ರ ಓದುವ ಹುಡುಗಿಯೊಬ್ಬಳು, ಊರಿನಲ್ಲಿ ಆರಿದ್ರಾ ಮಳೆಗೆ ಮರ ಬಿದ್ದು ನಾಲ್ಕು ದಿನ ಕರೆಂಟೂ ನೆಟ್‌ವರ್ಕೂ ಇರಲಿಲ್ಲವೆಂದೂ, ಬೇರೇನೂ ತೋಚದೆ ಅಜ್ಜನ ಪೆಟ್ಟಿಗೆಯಲ್ಲಿದ್ದ ದಪ್ಪ ಕಾದಂಬರಿಯೊಂದನ್ನು ಜಗಲಿಯಲ್ಲಿ ಕುಳಿತು ಓದಿ ಮುಗಿಸಿದೆನೆಂದೂ ಹೇಳಿದಳು. ಅದರ ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿತ್ತಂತೆ. "ನಿಮ್ಮ ಹತ್ರ ಆ ಪುಸ್ತಕ ಇದೆಯಾ ಮೇಡಂ?" ಎಂದು ಕೇಳಿದಳು. ಮರುದಿನವೇ ತಂದುಕೊಟ್ಟೆ.